ನೂರು ವರ್ಷದ ಮಡಿ

ಅಂತೂ ಬ್ರಿಟನ್ನಿನ ರಗ್ಬಿ ಲೀಗ್ ಆಟಗಾರ ಬಿಲ್ಲಿ ಬೋಸ್ಟನ್ ‘ಸರ್’ ಆದರು. 2025ರ ಜೂನ್‌ನಲ್ಲಿ, 90ರ ವಯಸ್ಸಿನಲ್ಲಿ. ರಗ್ಬಿ ಲೀಗ್ ಹುಟ್ಟಿ 130 ವರ್ಷವಾಗುವ ಹೊತ್ತಿಗೆ ಅದರ ಆಟಗಾರನೊಬ್ಬನಿಗೆ ದಕ್ಕಿದ ಮೊದಲ ‘ಸರ್’ ಪದವಿ. ಅರಮನೆಯವರು ಆತುರಪಡಲಿಲ್ಲ, ಮೆಚ್ಚಬೇಕು.

ನನಗೆ ನೆನಪಾದದ್ದು ಬೋಸ್ಟನ್‌ರಂತೆಯೇ ಮೈದಾನದ ಅಂಚಿನಲ್ಲಿ ಓಡುವ ಇನ್ನೊಬ್ಬ ವಿಂಗರ್, ಆಲ್ಬರ್ಟ್ ರೋಸೆನ್‌ಫೆಲ್ಡ್. ಸಿಡ್ನಿಯ ಗಿಡ್ಡ ಆಳು. 1908ರಲ್ಲಿ ಆಸ್ಟ್ರೇಲಿಯಾದ ಮೊದಲ ಕಾಂಗರೂ ತಂಡದೊಂದಿಗೆ ಇಂಗ್ಲೆಂಡಿಗೆ ಬಂದವನು ಹಡ್ಡರ್ಸ್‌ಫೀಲ್ಡ್‌ನವನೇ ಆಗಿಹೋದ. 1911-12ರ ಋತುವಿನಲ್ಲಿ 78 ಟ್ರೈ, ಅಂದರೆ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಅಂಕ ಗಳಿಸುವುದು. ಸಾಲದೆಂದು 1913-14ರಲ್ಲಿ 80. ಆಮೇಲೆ ಎಷ್ಟು ಜನ ಓಡಿದರೋ, ಆ 80ನ್ನು ಯಾರೂ ಮುಟ್ಟಿಲ್ಲ.

ಆದರೆ ಅವನು ಆಡಿದ್ದು ಮೈಲಿಗೆಯ ಆಟ. ಮೂಲ ರಗ್ಬಿಯನ್ನು ನಡೆಸುತ್ತಿದ್ದ ರಗ್ಬಿ ಯೂನಿಯನ್‌ನ ದೊಡ್ಡವರದು ಹವ್ಯಾಸದ ಮಡಿ. ಹಣ ಸೋಕಿದರೆ ಜೀವಾವಧಿ ಬಹಿಷ್ಕಾರ. ಹಣವೆಂದರೆ ಎಷ್ಟು? ಶನಿವಾರದ ಪಂದ್ಯಕ್ಕಾಗಿ ಗಣಿಯ, ಗಿರಣಿಯ ಕೂಲಿ ಬಿಟ್ಟು ಬಂದವನಿಗೆ ದಿನಕ್ಕೆ ಆರು ಶಿಲಿಂಗ್ ಪರಿಹಾರ. ಅದನ್ನೂ ಒಪ್ಪದಿದ್ದಾಗ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು 1895ರ ಆಗಸ್ಟ್ 29ರಂದು ಹಡ್ಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಕೂತು ಬೇರೆ ಮನೆ ಮಾಡಿದವು. ಅದೇ ಮುಂದೆ ರಗ್ಬಿ ಲೀಗ್ ಆಯಿತು.

ಬೇರೆಯಾದವರೂ ಮಡಿಯಲ್ಲಿ ಹಿಂದೆ ಬೀಳಲಿಲ್ಲ. 1898ರಲ್ಲಿ ಆಟಕ್ಕೆ ಹಣ ಕೊಡಲು ಒಪ್ಪಿದರು, ಆದರೆ ಆಟಗಾರನಿಗೆ ‘ಮರ್ಯಾದಸ್ಥ’ ನೌಕರಿಯೊಂದು ಇರಲೇಬೇಕು. ಹೆಂಡದಂಗಡಿಯಲ್ಲಿ ಲೋಟ ಹಂಚುವುದು ನೌಕರಿಯಲ್ಲ. ಬಿಲಿಯರ್ಡ್ಸ್ ಮೇಜಿನ ಪಕ್ಕ ನಿಂತು ಅಂಕ ಬರೆಯುವುದೂ ಅಲ್ಲ. ಎದುರಾಳಿಯನ್ನು ಕೆಸರಿನಲ್ಲಿ ಕೆಡವಿ ಮೇಲೆ ಬೀಳುವವನ ಚಾರಿತ್ರ್ಯ ಬಿಲಿಯರ್ಡ್ಸ್ ಅಂಕದಿಂದ ಕೆಡುತ್ತದೆ ಎಂದು ಕಂಡುಹಿಡಿದ ಸಮಿತಿಗೆ ಒಂದು ಸಾಷ್ಟಾಂಗ. ಏಳು ವರ್ಷ ಈ ನಿಯಮ ನಡೆಯಿತು ಎಂದರೆ ಬಿಲಿಯರ್ಡ್ಸ್ ಅಷ್ಟು ಘೋರ ವಿದ್ಯೆಯೇ ಇರಬೇಕು.

ಮೊದಲ ಮಹಾಯುದ್ಧ ಬಂತು. ಸೈನ್ಯದ ತಂಡಗಳಲ್ಲಿ ಮೈಲಿಗೆಯವರೂ ಮಡಿಯವರೂ ಒಟ್ಟಿಗೆ ಆಡಬಹುದು ಎಂದಾಯಿತು. ಆಪದ್ಧರ್ಮ! ಕಂದಕದಲ್ಲಿ ಸಾಯುವಾಗ ಇಲ್ಲದ ಪಂಕ್ತಿಭೇದ ಯುದ್ಧ ಮುಗಿದ ಕೂಡಲೇ ಮರಳಿ ಬಂತು.

ಇಲ್ಲಿ ನನಗೆ ನಗು ಬರುವುದಿಲ್ಲ. ಒಂದು ದಿನದ ಕೂಲಿ ಕೇಳಿದ್ದಕ್ಕೆ ಮನುಷ್ಯರನ್ನು ಮೂರು ನಾಲ್ಕು ತಲೆಮಾರು ಹೊರಗಿಟ್ಟರು. ಹಾಗೆ ಹೊರಗಿಟ್ಟವರ ಮನೆಯಲ್ಲಿ ಯಾರಿಗೂ ಕೂಲಿಯ ಹಂಗಿರಲಿಲ್ಲ, ಅಷ್ಟೇ.

ಕೊನೆಗೆ 1995ರ ಆಗಸ್ಟ್‌ನಲ್ಲಿ, ನೂರು ತುಂಬಲು ಕೆಲವೇ ದಿನಗಳಿದ್ದಾಗ, ರಗ್ಬಿ ಯೂನಿಯನ್ನೇ ಹಣಕ್ಕೆ ಬಾಗಿಲು ತೆರೆಯಿತು. ಪ್ರಾಯಶ್ಚಿತ್ತವೇನೂ ಬೇಕಾಗಲಿಲ್ಲ. ಹಣ ಎಣಿಸುವಷ್ಟು ದೊಡ್ಡದಾದರೆ ಮೈಲಿಗೆ ತಾನಾಗಿ ಹೋಗುತ್ತದೆ ಎಂದು ತೋರುತ್ತದೆ.

ಬೋಸ್ಟನ್ ಅವರಿಗೆ ಸಂದದ್ದು ಸರಿಯೇ. ರೋಸೆನ್‌ಫೆಲ್ಡ್ 1970ರಲ್ಲೇ ತೀರಿಕೊಂಡ. ಸತ್ತವರಿಗೆ ‘ಸರ್’ ಕೊಡುವ ಪದ್ಧತಿ ಇಲ್ಲ. 1885ರಲ್ಲಿ ಹುಟ್ಟಿದವನು ಸ್ವಲ್ಪ ತಾಳ್ಮೆಯಿಂದ 139 ವರ್ಷ ಬದುಕಿದ್ದರೆ ಅವನ ಹೆಸರೂ ಪರಿಶೀಲನೆಗೆ ಬರುತ್ತಿತ್ತು.