ಪಿಎಫ್ ದುಡ್ಡಿಗಾಗಿ ರಸ್ತೆಗಿಳಿದವರು

ಸರ್ಕಾರವೇ ಎದುರು ನಿಂತರೆ ಯೂನಿಯನ್‌ನಿಂದ ಏನೂ ಆಗಲ್ಲ ಅಂತ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪೋಕೆ ಆಗ್ತಿಲ್ಲ ಸರ್. 2016ರ ಏಪ್ರಿಲ್ ನೆನಪಿದೆ ಅಲ್ವಾ? ಪಿಎಫ್‌ನಲ್ಲಿ (ನೌಕರರ ಭವಿಷ್ಯ ನಿಧಿಯಲ್ಲಿ) ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಂಗಸರಿಗೆ ಆ ದುಡ್ಡು ಅಂದರೆ ಮಗಳ ಫೀಸು, ಮನೆ ಅಡ್ವಾನ್ಸು, ಕೈಸಾಲ. ದಿನವಿಡೀ ಟಾರ್ಗೆಟ್ ಹಿಂದೆ ಓಡುವ ಆ ಲೈನಿನಲ್ಲಿ 58ರವರೆಗೆ ಯಾರು ಉಳಿಯುತ್ತಾರೆ? ಸಾವಿರಾರು ಜನ ಮೆಷಿನ್ ಬಿಟ್ಟು ಎದ್ದು ಬಂದರು. ಬೆಂಗಳೂರಿನ ಬೊಮ್ಮನಹಳ್ಳಿ ಹತ್ತಿರ ಹೊಸೂರು ರಸ್ತೆ ನಿಂತೇ ಹೋಯಿತು. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು. ಎರಡನೇ ದಿನವೇ ದೆಹಲಿ ನಿಯಮ ವಾಪಸ್ ಪಡೆಯಿತು.

ಹಾಗಂತ ಯೂನಿಯನ್ನಿನವರು ಬೀಗುವ ಹಾಗೂ ಇಲ್ಲ. ಬೀದಿಗಿಳಿದವರಲ್ಲಿ ಹೆಚ್ಚಿನವರು ಯಾವ ಯೂನಿಯನ್ನಿಗೂ ಸೇರಿರಲಿಲ್ಲ. ಆದರೆ ಕೇಸು, ಬಂಧನ ಅಂತ ಶುರುವಾದಾಗ ಲಾಯರ್ ಹುಡುಕೋಕೆ ಸಂಘಟನೆಯೇ ಬೇಕು. ಫ್ಯಾಕ್ಟರಿ ಗೇಟಿನೊಳಗೆ ಮೀಟಿಂಗಿಗೆ ಬಿಡಲ್ಲ. ಹಾಗಾಗಿ ಭಾನುವಾರ ವಠಾರದಲ್ಲಿ, ಬಟ್ಟೆ ಒಗೆಯುವ ಹೊತ್ತಿನಲ್ಲೇ, ನಾಲ್ಕು ಜನ ಕೂತು ಸಂಬಳದ ಸ್ಲಿಪ್ ಬಿಡಿಸಿ ನೋಡಬೇಕಾಗುತ್ತದೆ. ಬೇಜಾರು ಹಿಡಿಸುವ ಕೆಲಸ, ನಿಜ. ನಿಮ್ಮ ಲೇಖನದಲ್ಲಿ ಅದರ ಸುದ್ದಿಯೇ ಇಲ್ಲವಲ್ಲ?