ಸತ್ಯಾಂಶ: ಗುದ್ದಿ, ಕಿರುಚಿದರೆ ಒತ್ತಡ ಇಳಿಯುತ್ತದೆಯೇ?

‘ಒತ್ತಡವನ್ನು ಒಳಗೇ ಇಟ್ಟುಕೊಳ್ಳಬೇಡಿ; ದಿಂಬಿಗೆ ಗುದ್ದಿ, ಕಿರುಚಿ, ಸಿಟ್ಟನ್ನೆಲ್ಲ ಹೊರಹಾಕಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದರ ಮೊದಲ ಮಾತು ಸರಿ, ಉಳಿದದ್ದು ತಪ್ಪು.

ಒತ್ತಡಕ್ಕೊಳಗಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಹೆಚ್ಚಿ, ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ. ಗುದ್ದುವುದು, ಕಿರುಚುವುದು ಈ ಉದ್ರೇಕವನ್ನು ಮುಂದುವರಿಸುತ್ತವೆಯೇ ಹೊರತು ತಣಿಸುವುದಿಲ್ಲ. ಮುಚ್ಚಳ ತೆಗೆದರೆ ಉಕ್ಕು ಇಳಿಯುವ ಪಾತ್ರೆಗೆ ಮನಸ್ಸನ್ನು ಹೋಲಿಸುವುದು ಕೇಳಲು ಸೊಗಸು, ಆದರೆ ದೇಹ ಹಾಗೆ ಕೆಲಸ ಮಾಡುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವರನ್ನು ನೆನೆಯುತ್ತ ಬಾಕ್ಸಿಂಗ್ ಚೀಲಕ್ಕೆ ಗುದ್ದಿದವರ ಸಿಟ್ಟು, ಸುಮ್ಮನೆ ಕುಳಿತವರ ಸಿಟ್ಟಿಗಿಂತ ಹೆಚ್ಚಾಗಿತ್ತು. 154 ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ, ದೀರ್ಘ ಉಸಿರಾಟ, ಧ್ಯಾನ, ಸ್ನಾಯುಗಳನ್ನು ಸಡಿಲಗೊಳಿಸುವ ಅಭ್ಯಾಸ ಮುಂತಾದ ಉದ್ರೇಕ ಇಳಿಸುವ ವಿಧಾನಗಳೇ ಸಿಟ್ಟನ್ನು ತಗ್ಗಿಸುತ್ತವೆ ಎಂದು ಕಂಡುಕೊಂಡಿತು.

ಹಾಗೆಂದು ಎಲ್ಲವನ್ನೂ ನುಂಗಿಕೊಂಡಿರಬೇಕೆಂದಲ್ಲ. ಉದ್ರೇಕ ಇಳಿದ ಮೇಲೆ ನಂಬಿಕಸ್ಥರೊಡನೆ ಕುಳಿತು, ಸಮಸ್ಯೆಯಲ್ಲಿ ನಮ್ಮ ಕೈಲಾಗುವ ಭಾಗ ಯಾವುದೆಂದು ವಿಚಾರಿಸುವುದು ಆರೋಗ್ಯಕರ. ಅದೇ ಕಹಿಯನ್ನು ದಿನವೂ ಮೆಲುಕು ಹಾಕುವುದು, ಮರೆಯಲೆಂದು ಮದ್ಯದ ಮೊರೆಹೋಗುವುದು ಹಾನಿಕರ. ಮದ್ಯವು ಬೇಗ ನಿದ್ರೆ ತರಿಸಿದರೂ ನಡುರಾತ್ರಿಯ ನಂತರದ ನಿದ್ರೆಯನ್ನು ಕೆಡಿಸುತ್ತದೆ, ನಿದ್ರೆಗೆಟ್ಟ ಮರುದಿನ ಸಣ್ಣ ತೊಂದರೆಯೂ ದೊಡ್ಡದಾಗಿ ಕಾಣುತ್ತದೆ.