ಈಜು ನಡಿಗೆಯ ಕೊನೆಗೆ ಬೇಡ, ನಡುವೆ ಇರಲಿ

ಚಾರಣದ ದಾರಿಯಲ್ಲಿ ಹೊಳೆಯೋ ಕೆರೆಯೋ ಇದ್ದರೆ ಬಹುತೇಕರು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಬೆಟ್ಟ ಹತ್ತಿ ಇಳಿದು, ಬೆವರಿ ಸುಸ್ತಾಗಿ, ಆಮೇಲೆ ನೀರಿಗೆ ಬಿದ್ದು ಗಾಡಿ ಹತ್ತುವ ಲೆಕ್ಕ. ಇದು ತಲೆಕೆಳಗಾದ ಲೆಕ್ಕ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಈಜು ನಡಿಗೆಯ ನಡುವೆ ಬರಬೇಕು. ನೀರಿನಿಂದ ಎದ್ದ ಮೇಲೆ ಒಂದು ಗಂಟೆಯಾದರೂ ನಡೆಯುವ ದಾರಿ ಉಳಿದಿರಬೇಕು, ಅದರಲ್ಲಿ ಸ್ವಲ್ಪ ಏರು ಇದ್ದರೆ ಇನ್ನೂ ಒಳ್ಳೆಯದು.

ಮೊದಲ ಕಾರಣ ಕಾಲು. ಐದಾರು ಗಂಟೆ ನಡೆದು ದಣಿದ ಮೀನಖಂಡ ತಣ್ಣೀರಲ್ಲಿ ಹಿಡಿದುಕೊಳ್ಳಲು ಹೆಚ್ಚು ಹೊತ್ತು ಬೇಡ. ನೆಲದ ಮೇಲಾದರೆ ಕೂತು ನೀವಿಕೊಳ್ಳಬಹುದು. ಆಳದ ನೀರಲ್ಲಿ ಗಾಬರಿಯೇ ಮುಳುಗಿಸುತ್ತದೆ. ಹಾಗಾದರೆ ಅಂಗಾತ ತೇಲಿ, ಮಂಡಿ ನೆಟ್ಟಗೆ ಮಾಡಿ, ಪಾದವನ್ನು ಮೊಣಕಾಲಿನ ಕಡೆಗೆ ಬಗ್ಗಿಸಿ ಹಿಡಿಯಿರಿ. ನೋವು ಸಡಿಲವಾದ ಮೇಲೆ ಕೈಯನ್ನಷ್ಟೇ ಬಳಸಿ ದಡಕ್ಕೆ ಬನ್ನಿ.

ಎರಡನೆಯದು ಚಳಿ. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಎಳೆದುಕೊಳ್ಳುತ್ತದೆ. ಮೇಲೆ ಬಂದ ಕೂಡಲೇ ಇದು ನಿಲ್ಲುವುದೂ ಇಲ್ಲ. ಚರ್ಮದ ತಂಪು ಒಳಗಿಳಿಯುತ್ತಾ ಹೋಗಿ, ದಡಕ್ಕೆ ಬಂದು 10ರಿಂದ 30 ನಿಮಿಷದ ಹೊತ್ತಿಗೆ ಮೈ ಇನ್ನಷ್ಟು ತಣ್ಣಗಾಗಿರುತ್ತದೆ. ನೀರಲ್ಲಿ ಆರಾಮಾಗಿದ್ದವರು ದಡದಲ್ಲಿ ಗಡಗಡ ನಡುಗುವುದು ಇದಕ್ಕೇ. ಆ ಹೊತ್ತಿನಲ್ಲಿ ಸ್ಟೀರಿಂಗ್ ಹಿಡಿಯುವುದು ಅಪಾಯ. ಬೆಚ್ಚಗೆ ಬಟ್ಟೆ ಹಾಕಿಕೊಂಡು ನಿಧಾನವಾಗಿ ನಡೆದರೆ ಮೈ ತಾನೇ ಬಿಸಿಯೇರುತ್ತದೆ.

ಹೊರಡುವ ಮುಂಚೆ ಸಮಯದ ಲೆಕ್ಕ ಹಾಕಿ. 1892ರಲ್ಲಿ ನೇಯ್‌ಸ್ಮಿತ್ ಎಂಬ ಸ್ಕಾಟ್‌ಲೆಂಡಿನ ಪರ್ವತಾರೋಹಿ ಕೊಟ್ಟ ಸೂತ್ರ ಈಗಲೂ ಉಪಯೋಗಕ್ಕೆ ಬರುತ್ತದೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದಕ್ಕೆ ಈಜಿನ ಹೆಸರಲ್ಲಿ ಪೂರ್ತಿ ಒಂದು ಗಂಟೆ ಸೇರಿಸಿ. ನೀರಲ್ಲಿರುವುದು ಹತ್ತು ಹದಿನೈದು ನಿಮಿಷ ಅಷ್ಟೇ, ಉಳಿದದ್ದು ನೀರು ನೋಡುವುದಕ್ಕೆ, ಮೈ ಆರಿಸಿಕೊಳ್ಳುವುದಕ್ಕೆ, ಒರೆಸಿಕೊಳ್ಳುವುದಕ್ಕೆ. ಈಜದೆ ಮುಂದೆ ಹೋದರೂ ಆ ದಿನದ ನಡಿಗೆ ಚೆನ್ನಾಗಿರುವಂಥ ದಾರಿಯನ್ನೇ ಆರಿಸಿ. ಈಜಿಗಾಗಿಯೇ ಬಂದೆವು ಅನ್ನುವ ಹಟ ಹತ್ತಿದರೆ ಕಣ್ಣಿಗೆ ಕಂಡ ಅಪಾಯವೂ ಮನಸ್ಸಿಗೆ ತಟ್ಟುವುದಿಲ್ಲ.

ನಕ್ಷೆಯಲ್ಲೇ ಅರ್ಧ ವಿಷಯ ತಿಳಿಯುತ್ತದೆ. ಎತ್ತರದ ಗೆರೆಗಳು ಹೊಳೆಯನ್ನು ಒತ್ತೊತ್ತಾಗಿ ದಾಟುತ್ತಿದ್ದರೆ ಅಲ್ಲಿ ಜಲಪಾತವೋ ರಭಸದ ಇಳುಕಲೋ ಇರುತ್ತದೆ. ಗೆರೆಗಳು ದೂರದೂರ ಇದ್ದರೆ ನೀರು ನಿಧಾನ, ಮಡು ಸಿಗುವುದು ಅಲ್ಲೇ. ಹೊಳೆ ತಿರುಗುವ ಕಡೆ ಹೊರಬದಿಯಲ್ಲಿ ಆಳ ಮತ್ತು ಸೆಳೆತ, ಒಳಬದಿಯಲ್ಲಿ ಮರಳು ಕೂತು ನೀರು ತೆಳುವಾಗಿರುತ್ತದೆ. ಇಳಿಯುವುದು, ಏರುವುದು ಎರಡೂ ಒಳಬದಿಯಲ್ಲೇ ಆಗಲಿ.

ದಡಕ್ಕೆ ಬಂದ ಮೇಲೆ ಚೀಲ ಇಳಿಸಿ, ಆದರೆ ತಕ್ಷಣ ಬಟ್ಟೆ ಬಿಚ್ಚಬೇಡಿ. ಒಂದು ಒಣಕಡ್ಡಿ ಎಸೆದು, ಅದರ ಜೊತೆ ದಡದಲ್ಲಿ 10 ಮೀಟರ್ ನಡೆಯಿರಿ. 10 ಸೆಕೆಂಡಿನಲ್ಲಿ ಅದು ಅಷ್ಟು ದೂರ ಹೋದರೆ ಸೆಳವು ಸೆಕೆಂಡಿಗೆ ಒಂದು ಮೀಟರ್. ಅದರ ಎದುರಿಗೆ ಸಾಮಾನ್ಯ ಈಜುಗಾರ ಹೆಚ್ಚು ಹೊತ್ತು ಈಜಲಾರ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ ಅನ್ನೋದೂ ನೆನಪಿರಲಿ. ಕಡ್ಡಿ 30 ಸೆಕೆಂಡು ತೆಗೆದುಕೊಂಡರೆ ಯೋಚಿಸಬಹುದು. ಕಡ್ಡಿ ಎಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ ಎಂದೂ ನೋಡಿ, ಕೈಸೋತರೆ ನೀವೂ ಅಲ್ಲಿಗೇ ಹೋಗುವುದು. ಕೆಳಗೆ ಬಿದ್ದ ಮರದ ಕೊಂಬೆಗಳಿದ್ದರೆ ಆ ಜಾಗ ಬೇಡವೇ ಬೇಡ. ನೀರು ಕೊಂಬೆಗಳ ನಡುವೆ ನುಗ್ಗಿ ಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ಅಡ್ಡಗಟ್ಟೆ, ಚೆಕ್ ಡ್ಯಾಂಗಳ ಬುಡದಲ್ಲಿ ನೀರು ಮಗುಚಿ ಹಿಂದಕ್ಕೆ ಎಳೆಯುತ್ತದೆ, ಜಲಪಾತದ ಬುಡದಲ್ಲೂ ಹೀಗೆಯೇ. ಅಲ್ಲಿನ ಬಿಳಿ ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಮೈ ತೇಲುವುದೂ ಕಷ್ಟ.

ಆಳದ ವಿಷಯದಲ್ಲಿ ಕಣ್ಣನ್ನು ನಂಬಬೇಡಿ. ಬೆಳಕು ಬಾಗುವುದರಿಂದ, ಮೇಲಿಂದ ನೇರ ನೋಡಿದರೆ ತಳ ನಿಜವಾದ ಆಳದ ಮುಕ್ಕಾಲು ಭಾಗದಲ್ಲೇ ಇರುವಂತೆ ಕಾಣುತ್ತದೆ. ಮೂರು ಅಡಿ ಅನ್ನಿಸಿದ್ದು ನಾಲ್ಕು ಅಡಿ ಇರುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಮೋಸ. ಅದಕ್ಕೇ ಉದ್ದನೆಯ ಕೋಲು ಬೇಕು, ಚಾರಣದ ಕೋಲೇ ಸಾಕು. ಬಂಡೆಯ ಮೇಲಿಂದ ಹಾರುವುದನ್ನಂತೂ ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಹೋದ ಸಲ ಇಲ್ಲದ ಕಲ್ಲು ಈ ಸಲ ಉರುಳಿ ಬಂದಿರಬಹುದು.

ಇಳಿಯುವ ಮುಂಚೆ, ಮೇಲೆ ಬರುವ ಜಾಗ ಗುರುತಿಟ್ಟುಕೊಳ್ಳಿ, ಅದಕ್ಕಿಂತ ಕೆಳಗೆ ಇನ್ನೊಂದು ಜಾಗವನ್ನೂ. ಪಾಚಿಗಟ್ಟಿದ ಇಳಿಜಾರು ಬಂಡೆಯ ಮೇಲಿಂದ ಜಾರಿ ಇಳಿಯುವುದು ಸುಲಭ, ಒದ್ದೆ ಕೈಯಲ್ಲಿ ಅದನ್ನೇ ಹತ್ತಿ ಬರುವುದು ಆಗದ ಮಾತು. ಬೆವರು ಆರಿ ಏದುಸಿರು ಇಳಿಯಲು ಹತ್ತು ನಿಮಿಷ ಕೂತಿರಿ. ಆಮೇಲೆ ಮುಖ, ಕತ್ತು, ತೋಳುಗಳಿಗೆ ನೀರು ಹಾಕಿಕೊಂಡು ಸೊಂಟದವರೆಗೆ ಇಳಿದು ನಿಲ್ಲಿ. ನೀರು 15 ಡಿಗ್ರಿಗಿಂತ ತಣ್ಣಗಿದ್ದರೆ ಉಸಿರು ತಾನಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ತಲೆ ನೀರೊಳಗೆ ಇರುವಾಗ ಹಾಗಾದರೆ ಎದೆಗೆ ಹೋಗುವುದು ನೀರೇ. ಒಂದೆರಡು ನಿಮಿಷದಲ್ಲಿ ಉಸಿರು ಹದಕ್ಕೆ ಬರುತ್ತದೆ, ಅಲ್ಲಿಯವರೆಗೆ ಈಜಲು ಹೊರಡಬೇಡಿ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಂಥ ನೀರಿಗೆ ಇಳಿಯಲೇಬಾರದು. ಕೆರೆಯಲ್ಲಿ ಮೇಲಿನ ಒಂದೆರಡು ಮೊಳ ನೀರು ಬೆಚ್ಚಗಿದ್ದು, ಕಾಲಿಗೆ ಸಿಗುವ ನೀರು ಕೊರೆಯುತ್ತಿರಬಹುದು. ಒಬ್ಬರೇ ಇಳಿಯುವುದು ಬೇಡ, ಒಬ್ಬರು ದಡದಲ್ಲಿ ಹಗ್ಗ ಹಿಡಿದಿರಲಿ. ಯಾರಾದರೂ ಕೊಚ್ಚಿಹೋದರೆ ದಡದಲ್ಲಿರುವವರು ಮಾಡಬೇಕಾದದ್ದು ಹಗ್ಗ ಎಸೆಯುವುದು, ತಾವೂ ಧುಮುಕುವುದಲ್ಲ. ಕೊಚ್ಚಿಹೋಗುತ್ತಿರುವವರು ಅಂಗಾತವಾಗಿ, ಕಾಲನ್ನು ನೀರು ಹರಿಯುವ ಕಡೆಗೆ ಚಾಚಿ, ಪಾದ ಮೇಲೆತ್ತಿ ತೇಲಬೇಕು. ರಭಸದಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಕಲ್ಲುಗಳ ಸಂದಿಗೆ ಸಿಕ್ಕಿ, ನೀರು ಮೈಯನ್ನು ಮುಂದಕ್ಕೆ ಮಗುಚುತ್ತದೆ.

ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ ಕಸ ತೇಲಿ ಬರತೊಡಗಿದರೆ, ಸದ್ದು ಬದಲಾದರೆ ಎದ್ದು ಎತ್ತರಕ್ಕೆ ಹೋಗಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲೆಲ್ಲೋ ಮಳೆಯಾಗಿದೆ ಅಂತ ಅರ್ಥ. ಅಣೆಕಟ್ಟಿನ ಕೆಳಗಿನ ಹೊಳೆ ಮಳೆಯಿಲ್ಲದೆಯೂ ಏರಬಹುದು. ನಿಂತ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂಥ ಪದರ ಇದ್ದರೆ ಮುಟ್ಟಬೇಡಿ. ಮೈಮೇಲೆ ಹಸಿ ಗಾಯವಿದ್ದಾಗ, ದೊಡ್ಡ ಮಳೆಯಾದ ಕೂಡಲೇ, ಈಜು ಬಿಡಿ. ಇಲಿ ಜ್ವರ ಹರಡುವುದು ಅಂಥ ನೀರಿನಿಂದ. ಈಜಿದ ಮುಂದಿನ ಕೆಲವು ವಾರಗಳಲ್ಲಿ ಜ್ವರ ಬಂದರೆ ವೈದ್ಯರಿಗೆ ನೀರಿಗಿಳಿದ ವಿಷಯ ಮರೆಯದೆ ಹೇಳಿ.

ಸಾಮಾನು ಹೆಚ್ಚಿಲ್ಲ: ನೀರು ಹೋಗದ 10 ಲೀಟರಿನ ಚೀಲ, ತೆಳು ಟವೆಲ್, ಉಣ್ಣೆ ಟೋಪಿ, ಫ್ಲಾಸ್ಕಿನಲ್ಲಿ ಬಿಸಿ ಪಾನೀಯ, ನೀರಲ್ಲಿ ಹಾಕಿಕೊಳ್ಳಲು ಹಳೇ ಶೂ, 15 ಮೀಟರ್ ತೇಲುವ ಹಗ್ಗ. ಬಟ್ಟೆಯನ್ನು ತೊಡುವ ಕ್ರಮದಲ್ಲೇ ಜೋಡಿಸಿಡಿ, ಬನಿಯನ್ ಮೇಲಿರಲಿ, ಜಾಕೆಟ್ ಕೆಳಗೆ. ತಣ್ಣಗಾದ ಬೆರಳಿಗೆ ಗುಂಡಿ ಹಾಕಲು ಬರುವುದಿಲ್ಲ, ಹಾಗಾಗಿ ಜಿಪ್ ಇಲ್ಲವೇ ಎಲಾಸ್ಟಿಕ್ ಇರುವುದನ್ನು ಒಯ್ಯಿರಿ. ಒದ್ದೆ ಈಜುಡುಗೆಯ ಮೇಲೇ ಪ್ಯಾಂಟ್ ಏರಿಸಿದರೆ ಎರಡು ಕಿ.ಮೀ.ಯೊಳಗೆ ತೊಡೆಸಂದಿ ಉಜ್ಜಿ ಉರಿ ಹತ್ತುತ್ತದೆ. ಪಾದವಂತೂ ನೆನೆದು ಮೆತ್ತಗಾಗಿರುತ್ತದೆ, ಒದ್ದೆ ಸಾಕ್ಸ್ ಹಾಕಿಕೊಂಡರೆ ಬೊಬ್ಬೆ ಖಂಡಿತ. ಬೆರಳಸಂದಿಗಳನ್ನು ಒಂದೊಂದಾಗಿ ಒರೆಸಿ, ಮರಳು ಕೊಡವಿ, ಐದು ನಿಮಿಷ ಗಾಳಿಗೆ ಬಿಟ್ಟು, ಬೇರೆಯೇ ತೆಗೆದಿಟ್ಟ ಒಣ ಸಾಕ್ಸ್ ಹಾಕಿಕೊಂಡು ಹೊರಡಿ.